ಕಾಣದ ನೋವು

ಸಿರುಗುಪ್ಪದ ಆ ವೃದ್ಧ ರೈತನನ್ನು ಕಾಲುನೋವಿಗಿಂತ ಹೆಚ್ಚಾಗಿ ಕಾಡಿದ್ದು ಮನೆಯವರ ಮೌನ. ಸೊಂಟದಿಂದ ಹೊರಟು ತೊಡೆಯ ಹಿಂಬದಿಯಲ್ಲಿ ಪಾದದವರೆಗೂ ಇಳಿಯುವ ಉರಿ. ಕುಳಿತರೆ ಏಳಲಾಗದು, ಎದ್ದರೆ ನಿಲ್ಲಲಾಗದು. ಎಕ್ಸ್‌ರೇಯಲ್ಲಾದರೋ ಮೂಳೆ ಮುರಿದಿರಲಿಲ್ಲ. ನಾಟಿಯ ಕಾಲಕ್ಕೇ ನೋವು ಹೆಚ್ಚುವುದೇಕೆಂದು ಮಗ ಒಮ್ಮೆ ಕೇಳಿಯೂಬಿಟ್ಟ. ನಲವತ್ತು ವರ್ಷ ನೀರು ನಿಂತ ಗದ್ದೆಯಲ್ಲಿ ಬಾಗಿ ದುಡಿದವನು ಅದಕ್ಕೆ ಉತ್ತರ ಕೊಡಲಿಲ್ಲ.

ಕುರುಗೋಡಿಗೆ ಕೊಟ್ಟಿದ್ದ ಮಗಳು ಬಂದು ತಂದೆಯನ್ನು ಬಳ್ಳಾರಿಗೆ ಕರೆದೊಯ್ದಳು. “ದೊಡ್ಡಬಸವೇಶ್ವರನ ತೇರಿಗೆ ನೀ ನಡಕೊಂತ ಬರಬೇಕಪ್ಪಾ” ಎಂಬುದು ಅವಳ ಹಟ.

ಆಯುರ್ವೇದವು ಗೃಧ್ರಸಿ ಎಂದ ಈ ಬಾಧೆಯನ್ನು ಇಂದಿನ ವೈದ್ಯರು ಸಯಾಟಿಕಾ ಎನ್ನುತ್ತಾರೆ. ಶರೀರದ ಅತಿ ದಪ್ಪನಾದ ನರವೇ ಇಲ್ಲಿ ಅಪರಾಧಿ. ಪೆಟ್ಟು ತಿಂದವನು ಎಂದರೇ ನ್ಯಾಯವಾದೀತು. ಬೆನ್ನೆಲುಬಿನ ನಡುವಣ ಬಿಲ್ಲೆ ಜಾರಿ ಅದರ ಬೇರನ್ನು ಒತ್ತಿದರೆ, ಚೀರುವುದು ಕಾಲು.

ಮಾತ್ರೆ, ವ್ಯಾಯಾಮಗಳು ಸಾಲದೆ ಹೋದಾಗ ವೈದ್ಯರು ಬೇರೊಂದು ಕ್ರಮ ಹಿಡಿದರು. ತೊಡೆಗೆ ತಣ್ಣನೆಯ ಲೇಪ ಸವರಿ ಅದರ ಮೇಲೆ ಪುಟ್ಟದೊಂದು ಉಪಕರಣವನ್ನು ಆಡಿಸಿದರು. ಗರ್ಭದ ಶಿಶುವನ್ನು ತೋರಿಸುವ ಅದೇ ಅಲ್ಟ್ರಾಸೌಂಡ್; ಕಿವಿಗೆ ಕೇಳದ ಶಬ್ದದ ಅಲೆಗಳು ಒಳಹೊಕ್ಕು ಮರಳಿ, ನರವನ್ನು ತೆರೆಯ ಮೇಲೆ ಮೂಡಿಸಿದವು. ನೋಡಲು ಬೂದುಬಣ್ಣದ ಜೇನುಹಟ್ಟಿಯ ತುಣುಕು! ಆ ಚಿತ್ರದ ಮೇಲೆ ಕಣ್ಣಿಟ್ಟು, ಸಣ್ಣ ಸೂಜಿಯನ್ನು ನರದ ಮಗ್ಗುಲಿಗೆ ಒಯ್ದು, ಅಲ್ಪ ವಿದ್ಯುತ್ತನ್ನು ಹರಿಸಿದರು. ವೃದ್ಧನ ಪಾದ ತಾನಾಗಿಯೇ ತುಡಿಯಿತು. ಸೂಜಿ ಎಡೆ ತಪ್ಪಿಲ್ಲವೆಂಬುದಕ್ಕೆ ಅದೇ ಗುರುತು.

ವಿದ್ಯುತ್ತಿನಿಂದ ನೋವಿಗೆ ಉಪಶಮನವೆಂಬುದು ಹೊಸ ಮಾತಲ್ಲ. ಒಂದನೆಯ ಶತಮಾನದ ರೋಮಿನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸನೆಂಬ ವೈದ್ಯ, ಪಾದನೋವಿನವರನ್ನು ಒದ್ದೆಯಾದ ಕಡಲ ದಂಡೆಯಲ್ಲಿ ವಿದ್ಯುತ್ ಮೀನಿನ ಮೇಲೆ, ಮೊಣಕಾಲವರೆಗೆ ಜೋಮು ಹಿಡಿಯುವ ತನಕ, ನಿಲ್ಲಿಸುತ್ತಿದ್ದನಂತೆ. ಅದರ ಮರ್ಮಕ್ಕೆ ಒಂದು ಸಮಾಧಾನ ದೊರೆತದ್ದು 1965ರಲ್ಲಿ. ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆಯೆಂದೂ ಬೇರೆ ಸಂವೇದನೆಗಳು ಅದನ್ನು ಮುಚ್ಚಬಲ್ಲವೆಂದೂ ವಾದಿಸಿದರು. ಪೆಟ್ಟು ಬಿದ್ದೆಡೆಯನ್ನು ಉಜ್ಜಿಕೊಳ್ಳುವ ಮಗುವಿಗೆ ಇದು ಮೊದಲೇ ಗೊತ್ತಿತ್ತೇನೋ. ಆದರೆ ಜಾರಿದ ಬಿಲ್ಲೆ ಇದರಿಂದ ಸ್ವಸ್ಥಾನಕ್ಕೆ ಬರುವುದಿಲ್ಲ; ಎಲ್ಲರಿಗೂ ಒಂದೇ ಫಲವೂ ಇಲ್ಲ.

ಮೂರನೆಯ ಸಲ ಮಗನೂ ಜೊತೆಯಲ್ಲಿ ಬಂದಿದ್ದ. ತೆರೆಯನ್ನು ಬಹಳ ಹೊತ್ತು ದಿಟ್ಟಿಸಿ, “ನೋವು ಎಲ್ಲೈತ್ರೀ ಡಾಕ್ಟ್ರೇ?” ಎಂದ.

“ಇಲ್ಲಿ ಕಾಣೋದು ನರ. ನೋವನ್ನ ಅವರನ್ನೇ ಕೇಳಬೇಕು.”

ಉರಿ ಅರ್ಧದಷ್ಟು ಇಳಿದಿತ್ತು. ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ತಂದೆಗೆ ಬಿಟ್ಟುಕೊಟ್ಟು ಮಗ ಕೇಳಿದ: “ಎಲ್ಲಿಂದ ಎಲ್ಲಿತನಕ ನೋಯ್ತೈತಪ್ಪಾ?” ಊರು ಬರುವವರೆಗೂ ವೃದ್ಧ ಹೇಳುತ್ತಲೇ ಇದ್ದ.