ಕಾರೈಕುಡಿಯ ಕಂಬಗಳು

ಹಳೆಯ ಸಂಪ್ರದಾಯದ ಶೈಲಿಯಲ್ಲಿಯೇ ಮನೆ ಇರಲಿ ಎಂಬ ಅಭಿಲಾಷೆಯಿಂದ ಅಲಂಕರಿಸಿದ ಬೆಂಗಳೂರಿನ ಮನೆಗಳ ಹೊಸ್ತಿಲನ್ನು ದಾಟಿದವರಿಗೆ ಅನೇಕ ವೇಳೆ ಮೊದಲು ಕಾಣಿಸುವುದು ಒಂದು ಜೊತೆ ಮರದ ಕಂಬ. ಬುಡದಲ್ಲಿ ಕಲ್ಲಿನ ಪೀಠ, ತಲೆಯಲ್ಲಿ ಕೆತ್ತನೆಯ ಬೋದಿಗೆ, ನಡುವೆ ಕಾಲದ ಕಪ್ಪು ಹಿಡಿದ ತೇಗದ ಮೈ. ಪಕ್ಕದಲ್ಲಿ ಹೂವಿನ ಎಸಳುಗಳನ್ನು ತೇಲಿಬಿಟ್ಟ ಹಿತ್ತಾಳೆಯ ಉರುಳಿ, ಸರಪಣಿಯ ತೂಗುಮಣೆ. ಕಂಬವು ಅಲ್ಲಿ ಯಾವ ಭಾರವನ್ನೂ ಹೊತ್ತಿರುವುದಿಲ್ಲ. ಮಾಳಿಗೆಯನ್ನು ಹೊರುವ ಕೆಲಸ ಕಬ್ಬಿಣ ಸಿಮೆಂಟುಗಳದು. ಎಲ್ಲಿಂದ ತರಿಸಿದಿರೆಂದು ಅತಿಥಿಗಳು ವಿಚಾರಿಸಿದರೆ ಮನೆಯ ಯಜಮಾನರು ಹೆಮ್ಮೆಯಿಂದ ಹೇಳುವ ಹೆಸರು ಹೆಚ್ಚಾಗಿ ಒಂದೇ: ಕಾರೈಕುಡಿ.

ಆ ಊರಿಗೆ ಹೋಗಿಬರುವುದು ಕಷ್ಟವೇನಲ್ಲ. ಮದುರೆಯಿಂದ ಪೂರ್ವಕ್ಕೆ ಸುಮಾರು 90 ಕಿಲೋಮೀಟರು. ದಾರಿಯುದ್ದಕ್ಕೂ ಕೆಂಪು ನೆಲ, ತಾಳೆಯ ಮರಗಳು, ಬಳ್ಳಾರಿ ಜಾಲಿಯ ಪೊದೆಗಳು. ಹೇಳಿಕೊಳ್ಳುವಂಥ ನದಿಯೊಂದೂ ಇಲ್ಲ. ಇಂಥ ಬರಡು ಬಯಲಿನ ನಡುವೆ ಇದ್ದಕ್ಕಿದ್ದಂತೆ ನೇರವಾದ ಬೀದಿಗಳೂ, ಅವುಗಳ ಇಕ್ಕೆಲದಲ್ಲಿ ಅರಮನೆಗಳಂಥ ಮನೆಗಳೂ ಎದ್ದು ನಿಂತಿರುವುದನ್ನು ಕಂಡ ಪ್ರವಾಸಿಗನು ಬೆರಗಾಗದೆ ಇರಲಾರನು. ಇದೇ ಚೆಟ್ಟಿನಾಡು. ತಮಿಳುನಾಡಿನ ಶಿವಗಂಗೆ, ಪುದುಕ್ಕೋಟ್ಟೈ ಜಿಲ್ಲೆಗಳಲ್ಲಿ ಹರಡಿಕೊಂಡಿರುವ ಈ ಸೀಮೆಯಲ್ಲಿ ಹಿಂದೆ 96 ಊರುಗಳಿದ್ದುವೆಂದು ಪ್ರತೀತಿ. ಈಗ ಉಳಿದಿರುವುವು 75ರ ಆಸುಪಾಸು. ನಾಟ್ಟುಕೋಟ್ಟೈ ಚೆಟ್ಟಿಯಾರರು, ಅರ್ಥಾತ್ ನಗರತ್ತಾರರು, ಸುಮಾರು 1850ರಿಂದ 1940ರ ದಶಕದವರೆಗೆ ಸಮುದ್ರದಾಚೆ ಗಳಿಸಿದ ಹಣವನ್ನೆಲ್ಲ ಈ ಒಣನೆಲದಲ್ಲಿ ಮನೆಗಳಾಗಿ ನಿಲ್ಲಿಸಿದರು.

ಒಳಗನ್ನು ನೋಡಬೇಕೆನ್ನುವವರು ಆತ್ತಂಗುಡಿಗೆ ಹೋಗಬಹುದು; ಅಲ್ಲಿ ‘ಆತ್ತಂಗುಡಿ ಅರಮನೆ’ಯೆಂದೇ ಹೆಸರಾದ ಮನೆಯನ್ನು ಹಣ ತೆತ್ತು ನೋಡುವ ಅವಕಾಶವುಂಟು. ಬೀದಿಬಾಗಿಲ ಎರಡು ಬದಿಯಲ್ಲಿ ತಿಣ್ಣೈ, ಅಂದರೆ ಕನ್ನಡನಾಡಿನ ಜಗಲಿಯೇ. ಬಾಗಿಲವಾಡದ ನೆತ್ತಿಯ ಮೇಲೆ ಕೆತ್ತಿದ ಗಜಲಕ್ಷ್ಮಿ. ಅದನ್ನು ದಾಟಿದರೆ ‘ವಳವು’ ಎಂಬ ನಡುವಣ ಅಂಗಳ. ಮಲೆನಾಡಿನ ತೊಟ್ಟಿಯ ಮನೆಯನ್ನು ಬಲ್ಲವರಿಗೆ ಇದರ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಪ್ರಮಾಣವೇ ಬೇರೆ. ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಇಳಿಜಾರಿನ ಹೆಂಚಿನ ಮಾಡು, ಆ ಮಾಡನ್ನು ಹೊತ್ತ ಕಂಬಗಳ ಸಾಲು. ಬೆಂಗಳೂರಿನ ಕಂಬದ ತವರು ಇಂಥ ಸಾಲೇ. ಮಳೆ ಬಂದರೆ ನಾಲ್ಕು ಕಡೆಯ ನೀರೂ ತೊಟ್ಟಿಗೆ ಬೀಳುವುದು. ತೊಟ್ಟಿಯಿಂದ ಕಾಲುವೆಯಲ್ಲಿ ಹರಿದು ಊರಣಿಯೆಂಬ ಊರ ಕೆರೆಯನ್ನು ಸೇರುವುದು. ನದಿಯಿಲ್ಲದ ನಾಡು ನೀರಿಗಾಗಿ ತನ್ನ ಮನೆಗಳ ಮಾಡುಗಳನ್ನೇ ನಂಬಿತ್ತು.

ವಳವಿನ ಸುತ್ತ ಕೋಣೆಗಳು. ಮದುವೆಯಾದ ಮಗನೊಬ್ಬನ ಸಂಸಾರಕ್ಕೆ ‘ಪುಳ್ಳಿ’ಯೆಂದು ಹೆಸರು, ಒಂದೊಂದು ಪುಳ್ಳಿಗೆ ಒಂದೊಂದು ಕೋಣೆ, ಹಿಂದಿನ ಕಟ್ಟಿನಲ್ಲಿ ಒಂದೊಂದು ಒಲೆ. ಮಾಡು ಒಂದೇ, ಒಲೆ ಬೇರೆ! ಅವಿಭಕ್ತ ಕುಟುಂಬದ ಜಗಳಗಳಿಗೆ ಇಷ್ಟು ಸೊಗಸಾದ ಪರಿಹಾರವನ್ನು ಮತ್ತಾರೂ ಕಂಡುಹಿಡಿದಂತಿಲ್ಲ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಎರಡು ಕಷ್ಟಗಳನ್ನೂ ಇವರು ಒಂದಾಗಿಯೇ ಹೊತ್ತರು. ಮನೆಯನ್ನು ಇಷ್ಟು ವಿಶಾಲವಾಗಿ ಕಟ್ಟಿದ್ದೇ ಮದುವೆಗಳನ್ನೂ ಮನೆತನದ ಶುಭಕಾರ್ಯಗಳನ್ನೂ ಅಲ್ಲಿ ನಡೆಸುವುದಕ್ಕಾಗಿ. ಬೀದಿಬಾಗಿಲಲ್ಲಿ ನಿಂತವನ ದೃಷ್ಟಿ ಅಂಗಳದಿಂದ ಅಂಗಳಕ್ಕೆ ಹಾಯ್ದು ಹಿಂದಿನ ಬೀದಿಗೆ ತೆರೆಯುವ ಹಿತ್ತಲ ಬಾಗಿಲನ್ನು ಮುಟ್ಟುವುದು. ಗೋಡೆಗಳನ್ನು ನೋಡಿಯೇ ತಿಳಿಯಬೇಕು. ಬೆಲ್ಲವನ್ನೂ ಅಳಲೆಕಾಯಿಯ ನೀರನ್ನೂ ಸೇರಿಸಿ ಅರೆದ ಸುಣ್ಣದ ಹಲವು ಲೇಪಗಳು; ಕೊನೆಯ ಲೇಪಕ್ಕೆ ಮೊಟ್ಟೆಯ ಬಿಳಿಯನ್ನು ಬೆರೆಸಿ ನುಣುಪು ಕಲ್ಲಿನಿಂದ ಉಜ್ಜಿದ್ದು. ಮೂರು ತಲೆಮಾರು ಕಳೆದರೂ ಅಂಗೈಯಿಟ್ಟರೆ ಅಮೃತಶಿಲೆಯ ತಂಪು.

ಸಂಪ್ರದಾಯಶುದ್ಧಿಯ ಹಟವುಳ್ಳವರಿಗೆ ಇಲ್ಲಿ ಸ್ವಲ್ಪ ಮುಜುಗರವೂ ಕಾದಿದೆ. ‘ಅಪ್ಪಟ ಭಾರತೀಯ’ವೆಂದು ಹೊಗಳಿಸಿಕೊಳ್ಳುವ ಕಂಬದ ತೇಗ ಬರ್ಮಾದ್ದು. ಹಾಸಿದ ಅಮೃತಶಿಲೆ ಇಟಲಿಯದು, ಗೋಡೆಯ ನಿಲುವುಗನ್ನಡಿ ಬೆಲ್ಜಿಯಮ್ಮಿನದು, ಹೂವಿನ ಚಿತ್ರದ ಟೈಲುಗಳು ಜಪಾನಿನವು. ಗಜಲಕ್ಷ್ಮಿಯ ಗಾರೆಯ ಮೂರ್ತಿ ಇರುವ ಕೈಪಿಡಿಗೋಡೆಯ ಮೇಲೆಯೇ ಆಂಗ್ಲ ಸಿಪಾಯಿಗಳೂ ನಿಂತಿರುವುದುಂಟು. ಬಂದುದನ್ನೆಲ್ಲ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವ ವರ್ತಕನ ಧೈರ್ಯ ಈ ಅಲಂಕಾರದಲ್ಲಿದೆ. ಇಂದಿನ ಅಲಂಕಾರಪ್ರಿಯರಲ್ಲಿ ಆ ಧೈರ್ಯ ಕಡಿಮೆ.

ಇಷ್ಟೆಲ್ಲಕ್ಕೂ ಹಣ ಬಂದುದು ಸಿಂಹಳ, ಮಲಯ, ಇಂಡೋಚೀನಾ, ಎಲ್ಲಕ್ಕಿಂತ ಹೆಚ್ಚಾಗಿ ಬರ್ಮಾದಿಂದ. ಕಾನಾಡುಕಾತ್ತಾನಿನಲ್ಲಿ 1912ರಲ್ಲಿ ಎದ್ದ ರಾಜಮನೆಯ ಅಣ್ಣಾಮಲೈ ಚೆಟ್ಟಿಯಾರರು 1929ರಲ್ಲಿ ಚಿದಂಬರದಲ್ಲಿ ಒಂದು ವಿಶ್ವವಿದ್ಯಾನಿಲಯವನ್ನೇ ಸ್ಥಾಪಿಸಿದರೆಂದರೆ ಆ ಸಂಪತ್ತಿನ ಅಳತೆ ತಿಳಿದೀತು. ಸಾಲದ ವ್ಯವಹಾರದಲ್ಲಿ ಅಡವಾಗಿ ಬಂದ ಜಮೀನು ಸೇರಿಸೇರಿ, 1930ರ ದಶಕದ ಕೊನೆಗೆ ಕೆಳಬರ್ಮಾದ ಮುಖ್ಯ ಬತ್ತದ ಜಿಲ್ಲೆಗಳ ಭೂಮಿಯಲ್ಲಿ ಸುಮಾರು ಕಾಲುಭಾಗ ಇವರ ಕೈಯಲ್ಲಿತ್ತು. ಬರ್ಮೀಯ ರೈತನ ದೃಷ್ಟಿಯಿಂದ ನೋಡಿದರೆ ಈ ಕಂಬಗಳ ಕಥೆ ಬೇರೆಯೇ ಆದೀತು. ಅದನ್ನು ಮರೆಯುವುದು ನ್ಯಾಯವಲ್ಲ. 1942ರಲ್ಲಿ ಜಪಾನೀಯರ ಸೈನ್ಯ ಬಂದಿತು. ಲಕ್ಷಗಟ್ಟಲೆ ಭಾರತೀಯರು, ಬಹುಮಂದಿ ಕಾಡುಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ದಾಟಿ, ಓಡಿಬಂದರು. 1948ರಲ್ಲಿ ಸ್ವತಂತ್ರ ಬರ್ಮಾ ಭೂಮಿಯ ರಾಷ್ಟ್ರೀಕರಣಕ್ಕೆ ಕಾನೂನು ಮಾಡಿತು. 1963ರಲ್ಲಿ ಅಲ್ಲಿನ ಬ್ಯಾಂಕುಗಳೂ ಸರಕಾರದ ವಶವಾದುವು. ಮನೆಗಳು ಉಳಿದುವು, ಅವುಗಳನ್ನು ಸಾಕುವ ಆದಾಯ ಉಳಿಯಲಿಲ್ಲ.

ಮಕ್ಕಳು ಉದ್ಯೋಗಕ್ಕಾಗಿ ಚೆನ್ನೈಗೆ, ಮುಂಬಯಿಗೆ, ಹೊರದೇಶಗಳಿಗೆ ಹೋದರು. ಪುಳ್ಳಿಗಳು ಒಡೆದು ಒಡೆದು ಒಂದು ಮನೆಗೆ ಹತ್ತಾರು ಒಡೆಯರಾದರು. ಮಾಡಿನ ಹೆಂಚು ಜಾರಿದರೆ ಸರಿಪಡಿಸುವ ಖರ್ಚು ಯಾರ ಪಾಲಿಗೆ? ಎಲ್ಲರದೂ ಆದ ಮಾಡು ಯಾರದೂ ಅಲ್ಲ. ಸೋರುವ ಮನೆಯಲ್ಲಿ ಮೊದಲು ತೊಲೆ ಕೊಳೆಯುವುದು, ಆಮೇಲೆ ಮನಸ್ಸು. ಕೊನೆಗೆ ಎಲ್ಲರ ಒಪ್ಪಿಗೆಯೂ ದೊರೆಯುವ ಒಂದೇ ವಿಷಯವೆಂದರೆ ಮನೆಯನ್ನು ಕಳಚಿ ಮಾರಿ ಹಣವನ್ನು ಹಂಚಿಕೊಳ್ಳುವುದು.

ಕಳಚಿದ್ದೆಲ್ಲ ಬಂದು ಸೇರುವುದು ಕಾರೈಕುಡಿಯ ಮುನೀಶ್ವರನ ಕೋವಿಲ್ ಬೀದಿಗೆ. ಹಳೆಯ ಸಾಮಾನಿನ ಅಂಗಡಿಗಳ ಸಾಲು. ಗೋಡೆಗೊರಗಿಸಿದ ಬಾಗಿಲುಗಳು, ಮಲಗಿಸಿದ ಕಂಬಗಳು, ಮದುಮಗಳ ಬಳುವಳಿಯಾಗಿ ಬಂದ ಹಿತ್ತಾಳೆಯ ಅಂಡೆಗಳು, ಎನಾಮೆಲ್ಲಿನ ಡಬ್ಬಿಗಳು, ರವಿವರ್ಮನ ಅಚ್ಚಿನ ಚಿತ್ರಗಳು. ಇವುಗಳ ನಡುವೆ ಧೂಳು ಹಿಡಿದ ಭಾವಚಿತ್ರಗಳೂ ಇರುವುವು: ಅಂಗವಸ್ತ್ರ ಹೊದೆದು ಕುರ್ಚಿಯಲ್ಲಿ ಕುಳಿತ ಹಿರಿಯರು, ಪಕ್ಕದಲ್ಲಿ ಮೈತುಂಬ ಒಡವೆಯಿಟ್ಟ ಹೆಂಡತಿ. ಕೊಳ್ಳುವವರು ಕೇಳುವುದು ಚೌಕಟ್ಟಿನ ಬೆಲೆಯನ್ನು. ಮಲಗಿದ ಕಂಬವನ್ನು ಕೂಲಂಕಷವಾಗಿ ನೋಡಿದರೆ ತೊಲೆ ಕೂಡಿದ್ದ ಕುಳಿಯೂ, ಒರಗಿ ಕುಳಿತವರ ಬೆನ್ನು ತಾಗಿ ನುಣುಪಾದ ಭಾಗವೂ ಕಾಣುವುವು. ಹೊಸ ಮನೆಗೆ ಬರುವ ಮುನ್ನ ಕುಳಿಯನ್ನು ತುಂಬಿ, ಮೈಗೆಲ್ಲ ಪಾಲಿಶು ಬಳಿಯುವರು.

ಅಂಗಡಿಯವರನ್ನು ಹಳಿಯುವುದು ಸುಲಭ. ಆದರೆ ಅವರು ಕೊಳ್ಳದಿದ್ದರೆ ಎಷ್ಟೋ ತೇಗ ಗೆದ್ದಲಿಗೆ ಆಹಾರವಾಗುತ್ತಿತ್ತೆಂಬುದೂ ಸುಳ್ಳಲ್ಲ. ಇನ್ನೊಂದು ಪಕ್ಷವೂ ಅಷ್ಟೇ ನಿಜ: ದೂರದ ನಗರಗಳಲ್ಲಿ ಬಿಡಿ ಕಂಬಕ್ಕೆ ಬೆಲೆ ಏರಿದಷ್ಟೂ ಇಡೀ ಮನೆಯನ್ನು ನಿಲ್ಲಿಸಿಕೊಳ್ಳುವ ಛಲ ಇಳಿಯುವುದು. ಬಿದ್ದೇಹೋಗುವ ಮನೆಯಿಂದ ಬಂದ ಕಂಬವಾವುದು, ಬೆಲೆಯ ಆಸೆಗೆ ಕೆಡವಿದ ಮನೆಯ ಕಂಬವಾವುದು ಎಂಬ ಭೇದ ಪಾಲಿಶಿನ ಕೆಳಗೆ ಕಾಣಿಸದು. ಕೆಲವರು ಮನೆಯನ್ನು ಇಡಿಯಾಗಿಯೇ ಉಳಿಸಲೆತ್ನಿಸಿದ್ದಾರೆ. ಚೆನ್ನೈ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಚೆಟ್ಟಿನಾಡಿನ ವರ್ತಕನ ಮನೆಯೊಂದನ್ನು ಮರಳಿ ಕಟ್ಟಿ ನಿಲ್ಲಿಸಿದೆ. ಕನ್ನಡನಾಡಿನಲ್ಲಿ ವಿಜಯನಾಥ ಶೆಣೈ ಅವರು ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಕುಂಜೂರಿನ ಚೌಕಿಮನೆ ಮೊದಲಾದುವನ್ನು ಅದೇ ರೀತಿ ನಿಲ್ಲಿಸಿದರು. ಚೆಟ್ಟಿನಾಡಿನ ಊರುಗಳ ಸಮುಚ್ಚಯ 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಹೆಂಚು ಸೋರುವುದು ನಿಲ್ಲದಷ್ಟೆ.

ಚೆಟ್ಟಿನಾಡಿನ ಸೊಬಗನ್ನು ಮನೆಗೆ ತರಬೇಕೆನ್ನುವವರಿಗೆ ಯಾವ ಮನೆಯನ್ನೂ ಕೆಡವದೆ ಸಿಕ್ಕುವ ವಸ್ತುವೊಂದು ಆತ್ತಂಗುಡಿಯಲ್ಲಿಯೇ ಇದೆ. ಅದು ಕಾಲ ಕೆಳಗಿನದಾದ್ದರಿಂದ ಹಲವರ ಕಣ್ಣಿಗೆ ಬೀಳುವುದಿಲ್ಲ. ವಿದೇಶದ ಟೈಲುಗಳಿಗೆ ಎದುರಾಗಿ ಬೆಳೆದ ಆತ್ತಂಗುಡಿಯ ಟೈಲು ಇಂದಿಗೂ ಕೈಯಿಂದಲೇ ಆಗುವುದು. ಕೆಲಸಗಾರನು ನೆಲದ ಮೇಲೆ ಕುಳಿತು ಒಂದು ಗಾಜಿನ ಹಲಗೆಯನ್ನು ಒರೆಸಿ, ಅದರ ಮೇಲೆ ಚೌಕಾಕಾರದ ಕಬ್ಬಿಣದ ಚೌಕಟ್ಟನ್ನಿಡುವನು. ಅದರೊಳಗೆ ಹೂವಿನ ಆಕಾರಕ್ಕೆ ಬಾಗಿಸಿದ ಲೋಹದ ಪಟ್ಟಿಗಳ ಅಚ್ಚು. ಅಚ್ಚಿನ ಮನೆಮನೆಗೂ ಸಿಮೆಂಟಿನಲ್ಲಿ ಕಲಸಿದ ಬೇರೆಬೇರೆ ಬಣ್ಣವನ್ನು ಸೌಟಿನಿಂದ ಹುಯ್ಯುವನು. ಆಮೇಲೆ ಉಸಿರು ಬಿಗಿಹಿಡಿದು ಅಚ್ಚನ್ನು ಮೇಲಕ್ಕೆತ್ತುವನು. ಬಣ್ಣಗಳು ಅಂಚಿಗೆ ಅಂಚು ತಾಗಿ ನಿಲ್ಲುವುವು, ಬೆರೆಯುವುದಿಲ್ಲ. ಮೇಲೆ ಒಣ ಮರಳು ಸಿಮೆಂಟಿನ ಪುಡಿ, ಅದರ ಮೇಲೆ ಹಸಿ ಗಾರೆ, ಕರಣೆಯಿಂದ ಸಮ ಮಾಡಿದರೆ ಮುಗಿಯಿತು. ಗಾರೆ ಗಟ್ಟಿಯಾದ ಮೇಲೆ ಕೆಲವು ದಿನ ನೀರಿನಲ್ಲಿ ನೆನೆಸಿ, ಗಾಜನ್ನು ಬಿಡಿಸಿ ಒಣಗಿಸುವರು. ಬೆಂಕಿಯ ಸಂಪರ್ಕವೇ ಇಲ್ಲ. ಗಾಜಿನ ನುಣುಪೇ ಟೈಲಿನ ಹೊಳಪಾಗುವುದು.

ಕೈಕೆಲಸವಾದ್ದರಿಂದ ಒಂದು ಇನ್ನೊಂದರಂತೆ ಇರುವುದಿಲ್ಲ. ಹೂವಿನ ದಳ ಇಲ್ಲಿ ತುಸು ದಪ್ಪ, ಅಲ್ಲಿ ತುಸು ತೆಳು. ಕಾರ್ಖಾನೆಯ ಮಾಲಿಗೆ ಒಗ್ಗಿದ ಕಣ್ಣು ಮೊದಲು ಇದನ್ನು ದೋಷವೆಂದೇ ಎಣಿಸೀತು. ಹಾಸಿದ ಕೂಡಲೆ ಪೂರ್ಣ ಹೊಳಪನ್ನು ನಿರೀಕ್ಷಿಸಬಾರದು. ಬತ್ತದ ಹೊಟ್ಟಿನಿಂದ ಉಜ್ಜಿ, ತೆಂಗಿನ ಎಣ್ಣೆ ಸವರುವುದು ಅಲ್ಲಿನ ರೂಢಿ. ಉಳಿದುದನ್ನು ಮನೆಯವರ ಓಡಾಟವೂ ದಿನದ ಒದ್ದೆಬಟ್ಟೆಯೂ ಮಾಡುವುವು. ಆಸಿಡ್ಡನ್ನು ಮಾತ್ರ ಹತ್ತಿರ ತರಕೂಡದು. ನಿಂಬೆಯ ರಸ ಚೆಲ್ಲಿದರೂ ಒಡನೆ ಒರೆಸಬೇಕು. ಹಾಸುವ ಕೆಲಸವನ್ನು ಈ ಟೈಲಿನ ಅಭ್ಯಾಸವುಳ್ಳವರಿಂದಲೇ ಮಾಡಿಸುವುದು ಲೇಸು. ಬೆಂಗಳೂರಿನವರೆಗಿನ ಲಾರಿಯ ಕುಲುಕಾಟದಲ್ಲಿ ಕೆಲವು ಒಡೆದೇ ಒಡೆಯುವುವು. ಅದೇ ಬಣ್ಣ ಮತ್ತೆ ಕೂಡಿಬರುವುದು ಕಷ್ಟವಾದ್ದರಿಂದ ಲೆಕ್ಕಕ್ಕಿಂತ ನಾಲ್ಕಾರು ಹೆಚ್ಚಾಗಿಯೇ ತರಿಸಿ ಅಟ್ಟದ ಮೇಲೆ ಇಟ್ಟುಕೊಳ್ಳಬೇಕು.