ಬಾಯಿಗೆ ಹೋಗುವ ಬೊಂಬೆ

ಎಳೆಯ ಕೂಸಿಗೆ ಲೋಕವೆಲ್ಲವೂ ಒಂದು ತಿನಿಸು. ಎಂಟು ತಿಂಗಳ ಮಗುವಿನ ಕೈಗೆ ಏನನ್ನಾದರೂ ಕೊಟ್ಟು ನೋಡಿ: ಬೀಗದ ಕೈಯ ಗೊಂಚಲಾಗಲಿ, ಅಜ್ಜಿಯ ಜಪಮಣಿಯಾಗಲಿ, ಅಪ್ಪನ ಕನ್ನಡಕವಾಗಲಿ, ಹಳಗನ್ನಡ ಕಾವ್ಯದ ಪ್ರತಿಯೇ ಆಗಲಿ, ಅದು ಕ್ಷಣಕಾಲ ಗಂಭೀರವಾಗಿ ದಿಟ್ಟಿಸಿ, ಮರುಕ್ಷಣವೇ ಬಾಯಿಗೆ ಒಯ್ಯುತ್ತದೆ. ಪಂಡಿತರು ಗ್ರಂಥದ ರುಚಿಯನ್ನು ಕುರಿತು ಎಷ್ಟೇ ಮಾತನಾಡಲಿ, ಅದನ್ನು ನಿಜವಾಗಿ ಚಪ್ಪರಿಸಿದವರು ಶಿಶುಗಳು ಮಾತ್ರ! ಮಣ್ಣು ತಿಂದ ಕೃಷ್ಣನ ಬಾಯಲ್ಲಿ ಯಶೋದೆ ಬ್ರಹ್ಮಾಂಡವನ್ನೇ ಕಂಡಳಂತೆ. ಇಂದಿನ ಯಶೋದೆ ಮಗುವಿನ ಬಾಯಿ ತೆರೆಸಿ ನೋಡಿದರೆ ಬಹುಮಟ್ಟಿಗೆ ಕಾಣುವುದು ಪ್ಲಾಸ್ಟಿಕ್ ಬೊಂಬೆಯ ಒಂದು ಕಾಲು.

ನಮ್ಮ ಮನೆಯಲ್ಲಿಯೂ ಅಂಥ ಒಂದು ಬಾಯಿ ಕಳೆದ ವರ್ಷದಿಂದ ಆಳ್ವಿಕೆ ನಡೆಸುತ್ತಿದೆ. ಅದರ ದೆಸೆಯಿಂದ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಕಾಲ ಕಳೆಯುತ್ತಿದ್ದ ನಾನು ರಸಾಯನಶಾಸ್ತ್ರದ ಪುಸ್ತಕಗಳನ್ನು ಬಿಚ್ಚಬೇಕಾಯಿತು. ವಿಜ್ಞಾನ ವಿಭಾಗದ ಮಿತ್ರರನ್ನು ಬಿಡುವಿನ ವೇಳೆಯಲ್ಲಿ ಕಾಡಬೇಕಾಯಿತು. ತಿಳಿದುಕೊಂಡದ್ದರಲ್ಲಿ ಸ್ವಲ್ಪವನ್ನು ಮಕ್ಕಳಿರುವ ಮನೆಯ ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತು. ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು. ದೊಡ್ಡ ಕುಟುಂಬಗಳಲ್ಲಿ ಇರುವಂತೆ ಅದರಲ್ಲಿಯೂ ಸಾಧುಗಳುಂಟು, ಕಿಲಾಡಿಗಳುಂಟು. ಪಾಲಿಥಿನ್, ಪಾಲಿಪ್ರೊಪಿಲೀನ್ ಮುಂತಾದವಕ್ಕೆ ಮೆತ್ತಗಾಗಲು ಎಣ್ಣೆಯಂಥ ವಸ್ತುವಿನ ಹಂಗಿಲ್ಲ. ಆದರೆ ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿ.ವಿ.ಸಿ., ಸ್ವಭಾವತಃ ಗಡುಸು. ನೀರಿನ ಕೊಳವೆಯಾಗಲು ತಕ್ಕುದೇ ಹೊರತು ಬೊಂಬೆಯಾಗಲು ತಕ್ಕುದಲ್ಲ. ಅದನ್ನು ಹಿಸುಕಿದರೆ ಕೀಚೆನ್ನುವ ಬಾತುಕೋಳಿಯನ್ನಾಗಿ ಮಾಡಬೇಕಾದರೆ ಥ್ಯಾಲೇಟ್ ಎಂಬ ಜಾತಿಯ ಎಣ್ಣೆಯಂಥ ದ್ರವಗಳನ್ನು ಬೆರೆಸುತ್ತಾರೆ. ಹೋಳಿಗೆಯ ಕಣಕವನ್ನು ನಾದಿದ ಗೃಹಿಣಿಯರಿಗೆ ಇದರ ಮರ್ಮವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬರಿಯ ಹಿಟ್ಟು ಎಳೆದರೆ ಹರಿಯುತ್ತದೆ. ಎಣ್ಣೆ ಕುಡಿದ ಕಣಕ ಹೇಳಿದಂತೆ ಕೇಳುತ್ತದೆ. ಆದರೆ ಆ ಎಣ್ಣೆ ಹಿಟ್ಟಿನಲ್ಲಿ ಲೀನವಾಗುವುದಿಲ್ಲ; ಒತ್ತಿದರೆ ಅಂಗೈಗೆ ಬರುತ್ತದೆ. ಥ್ಯಾಲೇಟಿನ ಗತಿಯೂ ಇದೇ. ಮೆದು ಪಿ.ವಿ.ಸಿ.ಯ ತೂಕದಲ್ಲಿ ನೂರಕ್ಕೆ 30-40 ಪಾಲಿನವರೆಗೂ ಅದು ಇರುವುದುಂಟು. ಪ್ಲಾಸ್ಟಿಕ್ಕಿನ ಕಣಗಳಿಗೆ ರಾಸಾಯನಿಕವಾಗಿ ಅಂಟಿಕೊಂಡಿರದ ಕಾರಣ, ಬಿಸಿಲಿಗೆ, ತಿಕ್ಕಾಟಕ್ಕೆ, ಮಗುವಿನ ಜೊಲ್ಲಿಗೆ, ಹಲ್ಲು ಮೂಡುವ ಒಸಡಿನ ಅಗಿತಕ್ಕೆ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಬರುತ್ತದೆ.

ಬಂದರೇನಂತೆ? ಡಿ.ಇ.ಎಚ್.ಪಿ. ಎಂಬ ಹೆಸರಿನ ಥ್ಯಾಲೇಟನ್ನು ಪ್ರಯೋಗಶಾಲೆಯ ಇಲಿಗಳಿಗೆ ಕೊಟ್ಟು ನೋಡಿದಾಗ, ಗಂಡುಮರಿಗಳ ಜನನಾಂಗದ ಬೆಳವಣಿಗೆ ಕೆಟ್ಟಿತು. ಶರೀರದಲ್ಲಿ ಬೆಳವಣಿಗೆಯ ಆಜ್ಞೆಗಳನ್ನು ಹೊತ್ತು ತಿರುಗುವ ದೂತರೇ ಹಾರ್ಮೋನುಗಳು. ಆ ದೂತರ ಓಲೆಯನ್ನು ಈ ವಸ್ತು ತಿದ್ದಿಬಿಡುತ್ತದೆ. ಬೆಳೆದವರಿಗಿಂತ, ಇನ್ನೂ ಕಟ್ಟಲ್ಪಡುತ್ತಿರುವ ಶರೀರಕ್ಕೆ ಇದರ ಭಯ ಹೆಚ್ಚು. ಈ ಕಾರಣದಿಂದಲೇ ಐರೋಪ್ಯ ಒಕ್ಕೂಟವು 1999ರ ಡಿಸೆಂಬರಿನಲ್ಲಿ, ಮೂರು ವರ್ಷದೊಳಗಿನ ಮಕ್ಕಳು ಬಾಯಿಗಿಡಲೆಂದೇ ಮಾಡಿದ ಮೆದು ಪಿ.ವಿ.ಸಿ. ಆಟಿಕೆಗಳಲ್ಲಿ ಆರು ಥ್ಯಾಲೇಟುಗಳನ್ನು ತಾತ್ಕಾಲಿಕವಾಗಿ ನಿಷೇಧಿಸಿತು. 2005ರಲ್ಲಿ ಅದನ್ನು ಶಾಶ್ವತಗೊಳಿಸಿ, ಮೂರನ್ನು ಎಲ್ಲ ಆಟಿಕೆಗಳಿಂದಲೂ, ಇನ್ನು ಮೂರನ್ನು ಬಾಯಿಗೆ ಹೋಗಬಲ್ಲ ಆಟಿಕೆಗಳಿಂದಲೂ ದೂರವಿಟ್ಟಿತು. ಅಲ್ಲಿ ಗೊತ್ತುಮಾಡಿದ ಮಿತಿ ನೂರಕ್ಕೆ 0.1, ಎಂದರೆ ಸಾವಿರ ಪಾಲಿನಲ್ಲಿ ಒಂದು ಪಾಲು. ಅಮೆರಿಕವೂ 2008ರ ಕಾನೂನಿನಿಂದ ಅದೇ ಮಿತಿಯನ್ನು ವಿಧಿಸಿತು.

ಎರಡನೆಯ ಅತಿಥಿ ನಮಗೆ ಹಳೆಯ ಪರಿಚಯದ ಸೀಸ. ಪಿ.ವಿ.ಸಿ. ಕಾಯಿಸಿದಾಗ ಕೆಡದಿರಲೆಂದು ಸೀಸದ ಲವಣಗಳನ್ನು ಸೇರಿಸುವ ವಾಡಿಕೆಯುಂಟು. ಥಳಥಳಿಸುವ ಹಳದಿ, ಕಿತ್ತಳೆ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವುದುಂಟು. ಮಗು ಯಾವ ಬಣ್ಣಕ್ಕೆ ಮೊದಲು ಕೈಚಾಚುತ್ತದೆಯೋ ಅದರಲ್ಲಿಯೇ ಇದು ಅಡಗಿರಬಹುದು. ಶರೀರವು ಸೀಸವನ್ನು ಸುಣ್ಣಾಂಶವೆಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಟ್ಟಲೆ ತಂಗುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮಕ್ಕಳು ಹೀರಿಕೊಳ್ಳಬಲ್ಲರು. ಅದು ಮುಟ್ಟುವುದು ಮಿದುಳನ್ನು. ಮಗು ಜ್ವರ ಬಂದು ಮಲಗುವುದಿಲ್ಲ, ಅಳುವುದಿಲ್ಲ. ಮುಂದೆಂದೋ ಶಾಲೆಯಲ್ಲಿ ಮನಸ್ಸು ನಿಲ್ಲದೆ, ಕಲಿತದ್ದು ಹತ್ತದೆ ‘ದಡ್ಡ’ ಎನ್ನಿಸಿಕೊಳ್ಳುತ್ತದೆ. ಪಾಠ ಹೇಳುವ ವೃತ್ತಿಯವನಾದ ನನ್ನನ್ನು ಇಷ್ಟು ಕಲಕಿದ ಸಂಗತಿ ಮತ್ತೊಂದಿಲ್ಲ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಹುಡುಗರಲ್ಲಿ ಎಷ್ಟು ಮಂದಿಯ ಕಥೆ ತೊಟ್ಟಿಲಿನಲ್ಲಿಯೇ ಆರಂಭವಾಗಿತ್ತೋ, ಬಲ್ಲವರಾರು?

ಇದು ಬರಿಯ ಊಹೆಯ ಭಯವಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿರುದ್ಧ ಹೂಡಿದ ಹೋರಾಟದಲ್ಲಿ ಅದೊಂದು ಮುಖ್ಯ ಘಟ್ಟ. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ, ಅಂದು ಮಿತಿಯೆಂದು ತಿಳಿದಿದ್ದ ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿ ಸೀಸ ಕಂಡುಬಂದಿತು. ಅಂದಿನ ದೊಡ್ಡ ಅಪರಾಧಿ ಪೆಟ್ರೋಲು. 2000ರಲ್ಲಿ ಸೀಸದ ಪೆಟ್ರೋಲು ದೇಶದಿಂದ ಹೋಯಿತು. ಮನೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಪಾಲು ಎಂಬ ಮಿತಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಈ ನಡುವೆ ವಿಜ್ಞಾನಿಗಳ ಮಿತಿಯೂ ಇಳಿಯುತ್ತ ಬಂದು, ಸೀಸಕ್ಕೆ ನಿರಪಾಯವಾದ ಮಟ್ಟವೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿದೆ.

ಇಷ್ಟೆಲ್ಲ ಓದಿಕೊಂಡವನ ಮನೆಗೆ ನಂಜನಗೂಡಿನ ಜಾತ್ರೆಯಿಂದ ನಮ್ಮ ಸೋದರಮಾವ ಬಂದರು. ಒಂದು ಕೈಯಲ್ಲಿ ರಸಬಾಳೆಯ ಚಿಪ್ಪು, ಇನ್ನೊಂದು ಕೈಯಲ್ಲಿ ಕೆಂಪು ಬಾತುಕೋಳಿ. ಎಪ್ಪತ್ತು ದಾಟಿದ ಆ ಹಿರಿಯರು ಬಸ್ಸಿನ ನೂಕುನುಗ್ಗಲಿನಲ್ಲಿ ಅದನ್ನು ಎದೆಗೆ ಅವಚಿಕೊಂಡು ತಂದಿದ್ದರು. ಅದರಿಂದ ಹೊಸ ರೈನ್‌ಕೋಟಿನ ವಾಸನೆ ಹೊಮ್ಮುತ್ತಿತ್ತು. ಮಾಡಿದವರ ಹೆಸರಿಲ್ಲ, ಗುರುತಿಲ್ಲ, ಮುದ್ರೆಯಿಲ್ಲ. ನನ್ನಾಕೆ ಸಂತೋಷದಿಂದಲೇ ಅದನ್ನು ತೆಗೆದುಕೊಂಡು, ಮಾವನವರು ಊಟಕ್ಕೆ ಕುಳಿತಾಗ ಬೀರುವಿನ ಮೇಲೆ ಏರಿಸಿದಳು.

ಮುಂದಿನ ಸಲ ಬಂದಾಗ ಅವರ ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು.

“ಏನಯ್ಯ, ನಾನು ತಂದದ್ದನ್ನು ಮಗುವಿನ ಕೈಗೆ ಕೊಡಲೇ ಇಲ್ಲವೇ?” ಎಂದರು.

ನಾನು ಇದ್ದ ಸಂಗತಿಯನ್ನು ಹೇಳಿದೆ. “ಅದರ ಮೇಲೆ ಮುದ್ರೆಯಿಲ್ಲ, ಮಾವ. ಒಳಗೆ ಏನಿದೆಯೋ ತಿಳಿಯದು. ಮಗುವಿಗೆ ಹಲ್ಲು ಬರುತ್ತಿದೆ, ಅಗಿಯುತ್ತಾಳೆ” ಎಂದು ವಿವರಿಸಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

“ಜಾತ್ರೆಯಲ್ಲಿ ಇದನ್ನು ಮಾರುತ್ತಿದ್ದ ಹೆಂಗಸಿನ ಮಡಿಲಲ್ಲೂ ಒಂದು ಕೂಸಿತ್ತಯ್ಯ. ಅದರ ಬಾಯಲ್ಲೂ ಇಂಥದೇ ಬಾತುಕೋಳಿ. ನೀನು ಓದಿದವನು, ಎತ್ತಿಟ್ಟೆ. ಅವಳಿಗೆ ಹೇಳುವವರು ಯಾರು?”

ಆ ಪ್ರಶ್ನೆಗೆ ನನ್ನಲ್ಲಿ ಚಿಕ್ಕ ಉತ್ತರವಿರಲಿಲ್ಲ. ಕಾನೂನು ಇರುವುದೇನೋ ಅವಳಂಥವರಿಗಾಗಿಯೇ. ಓದು ಬಲ್ಲವನು ಓದಿ ತಪ್ಪಿಸಿಕೊಳ್ಳಬಹುದು. ಓದದವಳ ಪರವಾಗಿ ಸರ್ಕಾರವೇ ಓದಬೇಕು. 2019ರಲ್ಲಿ ಭಾರತೀಯ ಗುಣಮಟ್ಟ ಪರಿಷತ್ತು ದೆಹಲಿಯ ಸುತ್ತಿನ ಪೇಟೆಗಳಿಂದ 121 ಬಗೆಯ ಆಟಿಕೆಗಳನ್ನು ಕೊಂಡು ಪರೀಕ್ಷಿಸಿದಾಗ, ಮೂರರಲ್ಲಿ ಎರಡು ಪಾಲು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಪ್ಲಾಸ್ಟಿಕ್ ಆಟಿಕೆಗಳಲ್ಲಿ ನೂರಕ್ಕೆ 30ರಷ್ಟು ಥ್ಯಾಲೇಟು, ಸೀಸದಂಥ ಲೋಹಗಳ ಮಿತಿಯನ್ನು ಮೀರಿದ್ದವು. ಮರುವರ್ಷ ಕೇಂದ್ರ ಸರ್ಕಾರ ಆಟಿಕೆಗಳ ಗುಣಮಟ್ಟದ ಆಜ್ಞೆಯನ್ನು ಹೊರಡಿಸಿತು. 2021ರ ಜನವರಿ 1ರಿಂದ, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು. ಆಜ್ಞೆ ಒಳ್ಳೆಯದೇ. ಆದರೆ ಅದು ದೆಹಲಿಯಿಂದ ಹೊರಟು ಜಾತ್ರೆಯ ಬೀದಿಯ ಗೋಣಿಚೀಲದ ಅಂಗಡಿಯನ್ನು ತಲುಪುವ ದಾರಿ ಬಹಳ ಉದ್ದ. ಆ ಹೆಂಗಸಿನ ಗಂಟನ್ನು ಕಸಿದುಕೊಂಡರೆ ದಾರಿ ಮುಗಿದಂತೆಯೂ ಅಲ್ಲ. ಬಾತುಕೋಳಿಯನ್ನು ಎರಕ ಹೊಯ್ದವನನ್ನೂ ಮೂಟೆಗಟ್ಟಲೆ ಸರಬರಾಜು ಮಾಡಿದವನನ್ನೂ ಹಿಡಿದಾಗಲೇ ಮುಗಿದೀತು.

ಮಹಾಭಾರತವನ್ನು ಪಾಠ ಹೇಳುವಾಗ ಅರಗಿನ ಮನೆಯ ಪ್ರಸಂಗ ಬಂದರೆ ನನಗೆ ಈಗೀಗ ಈ ಬೊಂಬೆಯದೇ ನೆನಪು. ನೋಡಲು ಅಂದ, ಒಳಗೆ ಅಪಾಯ. ಧರ್ಮರಾಯನು ಗೋಡೆಯ ತುಪ್ಪ, ಅರಗುಗಳ ವಾಸನೆಯಿಂದಲೇ ಸಂಚನ್ನು ಅರಿತನು. ನಮಗೆ ಆ ಸೌಕರ್ಯವಿಲ್ಲ. ಕಟುವಾದ ವಾಸನೆ ಬಂದರೆ ಬೊಂಬೆಯನ್ನು ದೂರವಿಡುವುದು ಜಾಣತನವೇ ಸರಿ. ಆದರೆ ಥ್ಯಾಲೇಟಿಗಾಗಲಿ ಸೀಸಕ್ಕಾಗಲಿ ಗುರುತಿಸಬಹುದಾದ ವಾಸನೆಯಿಲ್ಲವಾದ್ದರಿಂದ, ವಾಸನೆಯಿಲ್ಲದ ಬೊಂಬೆ ನಿರ್ದೋಷಿಯೆನ್ನುವಂತಿಲ್ಲ. ಹೀಗಾಗಿ ನಮಗೆ ವಿದುರನ ಮುನ್ಸೂಚನೆಯೇ ಗತಿ. ಆ ಚೌಕದೊಳಗಿನ ಪುಟ್ಟ ಐ.ಎಸ್.ಐ. ಮುದ್ರೆ, ಅದರ ಕೆಳಗಿನ ಪರವಾನಗಿಯ ಸಂಖ್ಯೆ, ಇವೇ ಇಂದಿನ ವಿದುರನ ಸಂಕೇತಗಳು. ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಬ್ಯೂರೋದ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ಯಾರು ಬೇಕಾದರೂ ನೋಡಬಹುದು.

ವಿನೋದವೆಂದರೆ, ಭಾರತದಲ್ಲಿ ಕೆಟ್ಟ ಹೆಸರು ಪಡೆದ ಅರಗೇ ನಮ್ಮ ಚನ್ನಪಟ್ಟಣದಲ್ಲಿ ಮಕ್ಕಳ ಮಿತ್ರನಾಗಿದೆ. ಆಲೆ ಮರದ ತುಂಡನ್ನು ಯಂತ್ರದ ತಿರುಗಣಿಯಲ್ಲಿ ಸಿಕ್ಕಿಸಿ, ಉಳಿಯಿಂದ ರೂಪ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಎಲೆಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಅರಗು ಎಂಬುದು ಒಂದು ಕೀಟ ಮರದ ಕೊಂಬೆಯ ಮೇಲೆ ಸ್ರವಿಸುವ ಅಂಟು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಬೊಂಬೆಗಳಿಗೂ, ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಮುದ್ರೆಯ ಕಟ್ಟಳೆಯಿಂದ ವಿನಾಯಿತಿ ಕೊಟ್ಟದ್ದು ನ್ಯಾಯವೇ. ಹಾಗೆಂದು ಮರವೆಂದ ಮಾತ್ರಕ್ಕೆ ನಂಬಿಬಿಡುವುದೂ ಬೇಡ. ಮರದ ಮೇಲೆ ಅಗ್ಗದ ಎಣ್ಣೆಬಣ್ಣ ಬಳಿದು ‘ಚನ್ನಪಟ್ಟಣದ್ದು’ ಎಂದು ಮಾರುವವರಿದ್ದಾರೆ. ಬಣ್ಣ ಯಾವುದು ಎಂದು ಕೇಳಿಯೇ ಕೊಳ್ಳಬೇಕು. ಕೊಳ್ಳಲು ಆ ಊರಿಗೆ ಇಳಿಯುವವರು ಕಡಿಮೆಯಾಗಿದ್ದಾರೆಂಬುದು ಇನ್ನೊಂದು ದುಃಖ. 2023ರಲ್ಲಿ ಬೆಂಗಳೂರು-ಮೈಸೂರಿನ ಹೊಸ ಹೆದ್ದಾರಿ ಊರನ್ನು ಬಳಸಿ ಹೋದಮೇಲೆ, ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳ ಮುಂದೆ ಕಾರುಗಳು ನಿಲ್ಲುವುದು ಕಡಿಮೆಯಾಯಿತು. ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲವೆಂದು ನಾವು ಈಗ ಹಳೆಯ ರಸ್ತೆಯಲ್ಲಿಯೇ ಹೋಗುತ್ತೇವೆ.

ಹೆದರಿ ಮನೆಯ ಆಟಿಕೆಗಳನ್ನೆಲ್ಲ ಬೀದಿಗೆಸೆಯಿರೆಂದು ನಾನು ಹೇಳಲಾರೆ. ಒಂದು ಬೊಂಬೆಯನ್ನು ಒಂದು ದಿನ ಚೀಪಿದ ಮಾತ್ರಕ್ಕೆ ಅನಾಹುತವಾಗುವುದಿಲ್ಲ. ದಿನದಿನದ ಹನಿಯೇ ಇಲ್ಲಿ ಲೆಕ್ಕ. ಆದ್ದರಿಂದ ಎಲ್ಲಕ್ಕಿಂತ ಮೊದಲು, ಮೂರು ವರ್ಷದೊಳಗಿನ ಮಕ್ಕಳ ಬಾಯಿಗೆ ಹೋಗುವ ವಸ್ತುಗಳನ್ನು ವಿಂಗಡಿಸಿ. ತ್ರಿಕೋನದೊಳಗೆ 3 ಎಂಬ ಅಂಕಿಯಿದ್ದರೆ ಅದು ಪಿ.ವಿ.ಸಿ. ಎಂದು ತಿಳಿಯಿರಿ. ಬಣ್ಣ ಏಳುತ್ತಿರುವ, ಜಿಗುಟಾಗಿರುವ, ಬಿಸಿಲಿಗೆ ಬಿರುಕುಬಿಟ್ಟ ಹಳೆಯ ಬೊಂಬೆಗಳನ್ನು ತಮ್ಮನಿಗೆ ತಂಗಿಗೆ ದಾಟಿಸಬೇಡಿ. ಒಲೆಗೂ ಹಾಕಬೇಡಿ, ಪಿ.ವಿ.ಸಿ. ಉರಿದ ಹೊಗೆ ಬೊಂಬೆಗಿಂತಲೂ ಕೆಟ್ಟದ್ದು. ಊಟಕ್ಕೆ ಮೊದಲು ಮಗುವಿನ ಕೈ ತೊಳೆಯಿರಿ. ಹಲ್ಲು ಬರುವ ಕೂಸಿಗೆ ತಣ್ಣೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯ ತುಂಡು ಯಾವ ರಬ್ಬರು ಬೊಂಬೆಗೂ ಕಡಿಮೆಯಲ್ಲ. ನಮ್ಮ ಅಜ್ಜಿಯಂದಿರು ಅದನ್ನು ಬಲ್ಲರು.

ಇನ್ನೊಂದು ಕೆಲಸವುಂಟು, ಅದು ನಮ್ಮ ಮನೆಯ ಹೊಸಿಲಿನಾಚೆಯದು. ಅಂಗಡಿಯಲ್ಲಿ ಬೊಂಬೆಯ ಬೆಲೆ ಕೇಳುವ ಮೊದಲು “ಮುದ್ರೆ ಎಲ್ಲಿದೆ?” ಎಂದು ಕೇಳುವುದು. ಮೊದಲ ಗಿರಾಕಿಯನ್ನು ನೋಡಿ ಅಂಗಡಿಯವನು ನಗಬಹುದು. ಎರಡನೆಯವರಿಗೆ ಇನ್ನೇನೋ ಸಬೂಬು ಹೇಳಬಹುದು. ಹತ್ತನೆಯವರೂ ಅದನ್ನೇ ಕೇಳಿದರೆ ಅವನು ತನ್ನ ಸಗಟು ವ್ಯಾಪಾರಿಯನ್ನು ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಕಾರ್ಖಾನೆಯ ಬಾಗಿಲನ್ನು ತಟ್ಟಿದ ದಿನ, ಜಾತ್ರೆಯ ಗೋಣಿಚೀಲದ ಮೇಲೆಯೂ ಒಳ್ಳೆಯ ಬಾತುಕೋಳಿ ಬಂದು ಕೂರುತ್ತದೆ. ಅಂದು ಅದನ್ನು ಮಾರುವ ತಾಯಿಗೆ ಯಾರೂ ಏನನ್ನೂ ಹೇಳಬೇಕಾಗುವುದಿಲ್ಲ.