ತಿರುಗಾಡುವ ತವರು

ನಮ್ಮವ್ವ ಹುಟ್ಟಿದ್ದು 1945ರಲ್ಲಿ, ಹರಪನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಸೋದರಮಾವನನ್ನೇ ಮದುವೆಯಾದದ್ದರಿಂದ ತವರಿನಿಂದ ಗಂಡನ ಮನೆಗೆ ಅವಳು ನಡೆದದ್ದು ಎರಡೇ ಓಣಿ. ಬಾಣಂತನ, ಹೊಲ, ಎಮ್ಮೆ, ಮುಪ್ಪು ಎಲ್ಲವೂ ಅಲ್ಲೇ. ದಾವಣಗೆರೆಯ ನನ್ನ ಮನೆಗೆ ಬಂದರೂ ನಾಲ್ಕನೆಯ ದಿನಕ್ಕೆ ಚೀಲ ಕಟ್ಟುವವಳು. ಅಂಥವಳ ಕಾಗದಪತ್ರ ನೋಡಿ ಒಂದು ಕಚೇರಿಯ ಗುಮಾಸ್ತರು, “ಏನಮ್ಮಾ, ನಿಮ್ಮ ತಾಯಿ ಎರಡೆರಡು ಜಿಲ್ಲೆಯಲ್ಲಿ ಹುಟ್ಟಿದ್ದಾರಾ?” ಎಂದು ಕೇಳಿಬಿಟ್ಟರು.

ಅವರ ತಪ್ಪೂ ಅಲ್ಲವೆನ್ನಿ. ಒಂದು ಕಾಗದದಲ್ಲಿ ಬಳ್ಳಾರಿ ಜಿಲ್ಲೆ, ಇನ್ನೊಂದರಲ್ಲಿ ದಾವಣಗೆರೆ ಜಿಲ್ಲೆ ಎಂದಿತ್ತು. ನಾನು ತುಂಬಿದ ಅರ್ಜಿಯಲ್ಲಿ ವಿಜಯನಗರ ಜಿಲ್ಲೆ. ಮೂರೂ ನಿಜ. ಆದರೆ ಅರ್ಜಿಯಲ್ಲಿ ಜಿಲ್ಲೆಗೆಂದು ಇದ್ದ ಖಾನೆ ಒಂದೇ. ಅರ್ಜಿ ವಾಪಸು ಬಂತು.

ಅವ್ವನಿಗೆ ಹೇಳಿದರೆ ನಕ್ಕಳು. “ನಾ ಎಲ್ಲಿಗೂ ಹೋಗಿಲ್ಲವಾ. ಜಿಲ್ಲಾನೇ ತಿರುಗಾಡಾಕ ಹತ್ತೈತಿ” ಅಂದಳು.

ಕೂತು ಲೆಕ್ಕ ಹಾಕಿದೆ. ಅವ್ವ ತೊಟ್ಟಿಲಲ್ಲಿದ್ದಾಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು, ದೇಶ ಬ್ರಿಟಿಷರ ಕೈಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆದೋನಿಗೆ ಕೊಟ್ಟಿದ್ದ ದೊಡ್ಡವ್ವನೂ ನಮ್ಮವ್ವನೂ ಒಂದೇ ಬೆಳಗಿಗೆ ಎರಡು ರಾಜ್ಯದವರಾದರು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಿದರು. 371ಜೆ ವಿಧಿಯ ಸವಲತ್ತು ತಪ್ಪಿಹೋಯಿತೆಂದು ಜನ ಹೋರಾಡಿದ ಮೇಲೆ 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾಯಿತು, ಹರಪನಹಳ್ಳಿ ಅಲ್ಲಿಗೆ. ಎರಡು ಓಣಿ ದಾಟಿದ ಹೆಂಗಸಿನ ಪ್ರವಾಸ ಇದು!

ನನ್ನ ಗೊಣಗಾಟ ಕೇಳಿ ಸಾಕಾಗಿ ಮಗಳು ಕಂಪ್ಯೂಟರ್ ಮುಂದೆ ಕೂರಿಸಿದಳು. ವಿಕಿಡೇಟಾ ಎಂಬುದೊಂದಿದೆಯಂತೆ. ವಿಕಿಪೀಡಿಯದ ತಂಗಿ, 2012ರಲ್ಲಿ ಹುಟ್ಟಿದ್ದು. ಯಾರು ಬೇಕಾದರೂ ಅದಕ್ಕೆ ಬರೆಯಬಹುದು, ತಿದ್ದಬಹುದು. ಅಲ್ಲಿ ಕಥೆ ಬರೆಯುವಂತಿಲ್ಲ, ಒಂದೊಂದು ಸಂಗತಿಯನ್ನು ಒಂದೊಂದು ಸಾಲಾಗಿ ಇಡಬೇಕು. ಪ್ರತಿ ಊರಿಗೂ ಒಂದು ಸಂಖ್ಯೆ. ಹೆಸರು ಬದಲಾದರೂ ಸಂಖ್ಯೆ ಬದಲಾಗದು. 2014ರಲ್ಲಿ ಇಂಗ್ಲಿಷಿನ ‘ಬೆಲ್ಲಾರಿ’ ಹೋಗಿ ‘ಬಳ್ಳಾರಿ’ ಬಂದಾಗಲೂ ಊರು ಅದೇ ಊರು ತಾನೆ? “ನಿನ್ನ ತವರನ್ನು ನೀನೇ ಸೇರಿಸಮ್ಮಾ” ಅಂದಳು.

ನಾನು ಉತ್ಸಾಹದಿಂದ ನಮ್ಮ ಹಳ್ಳಿಯ ಮುಂದೆ ತಾಲ್ಲೂಕು, ಜಿಲ್ಲೆ, ರಾಜ್ಯ ಎಲ್ಲವನ್ನೂ ಸಾಲಾಗಿ ಬರೆಯಹೊರಟೆ. ಮಗಳು ತಡೆದಳು. “ಎಲ್ಲ ಬೇಡಮ್ಮಾ. ಯಾವ ಆಡಳಿತ ಪ್ರದೇಶದಲ್ಲಿದೆ ಅನ್ನುವಲ್ಲಿ ಹತ್ತಿರದ ಒಂದು ಮೆಟ್ಟಿಲು ಮಾತ್ರ ಬರಿ. ಹಳ್ಳಿ ತಾಲ್ಲೂಕನ್ನು ತೋರಿಸಲಿ, ತಾಲ್ಲೂಕು ಜಿಲ್ಲೆಯನ್ನು, ಜಿಲ್ಲೆ ರಾಜ್ಯವನ್ನು. ಕೇಳಿದವರನ್ನು ಅದೇ ಮೇಲಕ್ಕೆ ಹತ್ತಿಸಿಕೊಂಡು ಹೋಗುತ್ತದೆ.”

ನಮ್ಮ ಅಡಿಗೆಮನೆಯ ಲೆಕ್ಕವೇ ನೋಡಿ ಇದು! ಜೀರಿಗೆ ಸಾಂಬಾರ ಡಬ್ಬಿಯಲ್ಲಿದೆ, ಡಬ್ಬಿ ಕಪಾಟಿನಲ್ಲಿದೆ, ಕಪಾಟು ಅಡಿಗೆಮನೆಯಲ್ಲಿದೆ. ನಾಳೆ ಕಪಾಟನ್ನು ನಡುಮನೆಗೆ ಸರಿಸಿದರೆ, ಜೀರಿಗೆ ನಡುಮನೆಗೆ ಹೋಯಿತು, ಸಾಸಿವೆ ನಡುಮನೆಗೆ ಹೋಯಿತು ಎಂದು ಯಾರಾದರೂ ಬೇರೆ ಬೇರೆ ಚೀಟಿ ಅಂಟಿಸುತ್ತಾರೆಯೇ? ತಾಲ್ಲೂಕು ಜಿಲ್ಲೆ ಬದಲಿಸಿದಾಗ ಆ ಒಂದು ಸಾಲನ್ನು ತಿದ್ದಿದರೆ ಸಾಕು, ಅದರ ಹಳ್ಳಿಗಳೆಲ್ಲ ತಾವಾಗಿ ಹಿಂದೆ ಹೋಗುತ್ತವೆ.

ಅರ್ಥವಾಯಿತೆಂದು ಬೀಗುವಷ್ಟರಲ್ಲಿ ಎದೆ ಧಸಕ್ಕೆಂದಿತು. ಹಾಗೆ ತಿದ್ದಿಬಿಟ್ಟರೆ ಅವ್ವ ವಿಜಯನಗರ ಜಿಲ್ಲೆಯಲ್ಲಿ ಹುಟ್ಟಿದಂತಾಗುವುದಿಲ್ಲವೇ? ಅವಳು ಹುಟ್ಟುವಾಗ ಆ ಜಿಲ್ಲೆಯೂ ಇರಲಿಲ್ಲ, ಈ ಕರ್ನಾಟಕವೂ ಇರಲಿಲ್ಲ.

“ಹಳೆಯದನ್ನು ಅಳಿಸಬಾರದಮ್ಮಾ, ತಾರೀಖು ಹಾಕಬೇಕು” ಅಂದಳು ಮಗಳು. ಪ್ರತಿ ಸಾಲಿಗೂ ಎಂದಿನಿಂದ, ಎಂದಿನವರೆಗೆ ಎಂದು ಬರೆಯಬಹುದು. ತಾಲ್ಲೂಕಿನ ಕೆಳಗೆ 1997ರವರೆಗೆ ಬಳ್ಳಾರಿ, 2018ರವರೆಗೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಈಗಿನದಕ್ಕೆ ಮೊದಲ ಮಣೆ, ಹಳೆಯವು ಅದರ ಪಕ್ಕದಲ್ಲಿ. ಜಿಲ್ಲೆಯ ಕೆಳಗೂ ಹಾಗೆಯೇ, 1953ರವರೆಗೆ ಮದರಾಸು, ಆಮೇಲೆ ಮೈಸೂರು. 1945ಕ್ಕೆ ಹತ್ತಿದರೆ ಒಂದು ದಾರಿ, ಇವತ್ತಿಗೆ ಹತ್ತಿದರೆ ಇನ್ನೊಂದು. ಕೆಳಗಿನ ಮೆಟ್ಟಿಲು ಮಾತ್ರ ಎರಡಕ್ಕೂ ಒಂದೇ, ನಮ್ಮ ಹಳ್ಳಿ. ಯಾಕೋ ಕಣ್ಣು ತುಂಬಿ ಬಂತು. ಕಚೇರಿಯಲ್ಲಿ ಸುಳ್ಳೆನಿಸಿಕೊಂಡ ಮೂರು ಕಾಗದಗಳೂ ಇಲ್ಲಿ ಒಟ್ಟಿಗೆ ಸತ್ಯವಾಗಿದ್ದವು.

ಮರುವಾರ ನೋಡಿದರೆ ನನ್ನ ಸಾಲನ್ನು ಯಾರೋ ತಿದ್ದಿದ್ದರು. ಕೋಪ ಬಂತು. ನನ್ನ ತವರಿನ ವಿಷಯ ನನಗಿಂತ ಇವರಿಗೆ ಹೆಚ್ಚು ಗೊತ್ತೇ? ಆಮೇಲೆ ಕಂಡಿತು. ನಾನು ಹಳ್ಳಿಯನ್ನು ಹರಪನಹಳ್ಳಿ ತಾಲ್ಲೂಕಿನ ಬದಲು ಹರಪನಹಳ್ಳಿ ಪಟ್ಟಣಕ್ಕೆ ಸೇರಿಸಿದ್ದೆ! ಹೆಸರು ಒಂದೇ ಆದರೂ ಪಟ್ಟಣ ಬೇರೆ, ತಾಲ್ಲೂಕು ಬೇರೆ. ನಮ್ಮ ಹಳ್ಳಿಯೇನು ಪಟ್ಟಣದ ಓಣಿಯೇ? ತಿದ್ದಿದವರು ಗಂಡಸೋ ಹೆಂಗಸೋ, ಯಾವ ದೇಶದವರೋ ತಿಳಿಯದು. ನನ್ನ ತಪ್ಪೂ ಅವರ ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ಅಕ್ಕಪಕ್ಕ ಕೂತಿವೆ. ಗುರುತಿಲ್ಲದವರೊಬ್ಬರು ನನ್ನ ಹಳ್ಳಿಯನ್ನು ಸರಿಯಾದ ಜಾಗದಲ್ಲಿಟ್ಟುಹೋದರಲ್ಲ, ಅವರಿಗೊಂದು ನಮಸ್ಕಾರ.

ಮೆಟ್ಟಿಲಿಗೆ ಬಗ್ಗದವೂ ಇವೆ. ಹರಪನಹಳ್ಳಿಯ ಅಂಚಿನಲ್ಲಿ ಹರಿಯುವ ತುಂಗಭದ್ರೆಯನ್ನು ಯಾವ ಡಬ್ಬಿಗೆ ಹಾಕುತ್ತೀರಿ? ಅವಳಿಗೆ ಒಂದಲ್ಲ, ಮುಟ್ಟುವ ಜಿಲ್ಲೆಗಳನ್ನೆಲ್ಲ ಬರೆಯಬೇಕು. ಹೊಳೆಗೂ ಹೆಣ್ಣಿಗೂ ಒಂದೇ ಮನೆ ಅಂತ ಎಲ್ಲಿದೆ!

ಅದೇ ತಾರೀಖುಗಳನ್ನು ಒಂದು ಹಾಳೆಯಲ್ಲಿ ಅಂದವಾಗಿ ಬರೆದು, ಸರ್ಕಾರಿ ಆದೇಶದ ಪ್ರತಿಗಳನ್ನು ಹುಡುಕಿ ಜೊತೆಗಿಟ್ಟು ಮತ್ತೆ ಕಚೇರಿಗೆ ಹೋದೆ. ಗುಮಾಸ್ತರು ಓದಿದರು, ಒಳಗೆ ಹೋಗಿ ಬಂದರು, ಕೊನೆಗೆ ಅರ್ಜಿ ತೆಗೆದುಕೊಂಡರು. “ನಮ್ಮ ಮನೆಯವರದೂ ಅದೇ ತಾಲ್ಲೂಕು, ಈ ಹಾಳೆಯದೊಂದು ನಕಲು ಕೊಡಿ” ಅಂದರು. ಕೊಟ್ಟೆ.

ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವರೆಕಾಯಿ ಸುಲಿಯುತ್ತ ಕೇಳಿದಳು. “ಹೌದವಾ, ಅದರಾಗ ನಮ್ಮೂರು ಎಲ್ಲೈತಿ ಅಂತ ಬರದಿ?”

“ಹರಪನಹಳ್ಳಿ ತಾಲ್ಲೂಕಿನಾಗ ಅಂತ.”

“ಅಷ್ಟು ಬರದ್ರ ಸಾಕು” ಅಂದಳು ಅವ್ವ. “ಮ್ಯಾಲಿಂದು ಅವರು ನೋಡಿಕೆಂತಾರ.”